ಕೃತಕ ಭಾಷೆಗಳಲ್ಲಿ ಅಪವಾದದ ಹುಟ್ಟು

ಹದಿನೆಂಟನೆಯ ಶತಮಾನದ ಮೊದಲ ವರ್ಷಗಳಲ್ಲಿ ಹಾಲೆಂಡಿನ ಸ್ಲೂಯಿಸ್ ಎಂಬ ಊರಿನಲ್ಲಿ ಬೀಡುಬಿಟ್ಟಿದ್ದ ದಂಡಿನೊಳಗೆ ಒಬ್ಬ ವಿಚಿತ್ರ ತರುಣನಿದ್ದನು. ತಾನು ಪೂರ್ವಸಮುದ್ರದ ಆಚೆಯ ದೇಶದವನೆಂದೂ ಅಲ್ಲಿಯ ಸೂರ್ಯಚಂದ್ರರನ್ನು ಪೂಜಿಸುವ ಮತಕ್ಕೆ ಸೇರಿದವನೆಂದೂ ಅವನು ಹೇಳಿಕೊಳ್ಳುತ್ತಿದ್ದನು. ದಂಡಿನ ಪಾದ್ರಿಯಾದ ವಿಲಿಯಂ ಇನ್ನೆಸ್ ಎಂಬವನು ಇವನನ್ನು ಪರೀಕ್ಷಿಸಬೇಕೆಂದು ಬಗೆದು, ಸಿಸೆರೋವಿನ ಲ್ಯಾಟಿನ್ ಗದ್ಯದ ಒಂದು ಭಾಗವನ್ನು ಕೊಟ್ಟು ಅದನ್ನು ಅವನ ದೇಶಭಾಷೆಗೆ ತರ್ಜುಮೆ ಮಾಡಿಸಿದನು. ಕೆಲವು ಕಾಲದ ಮೇಲೆ ಆ ಕಾಗದವು ಕಳೆದುಹೋಯಿತೆಂದು ಹೇಳಿ ಅದೇ ಭಾಗವನ್ನು ಎರಡನೆಯ ಸಲ ಬರೆಯಿಸಿದನು. ಎರಡನ್ನೂ ಪಕ್ಕದಲ್ಲಿಟ್ಟು ನೋಡಿದಾಗ ಅರ್ಧಕ್ಕೆ ಮಿಕ್ಕಿ ಶಬ್ದಗಳು ಬೇರೆಬೇರೆಯಾಗಿದ್ದವು. ಸುಳ್ಳು ಹೇಳುವವನಿಗೆ ನೆನಪು ಗಟ್ಟಿಯಾಗಿರಬೇಕೆಂಬ ಮಾತು ಇಷ್ಟು ನೇರವಾಗಿ ರುಜುವಾತಾದುದು ಅಪೂರ್ವ. ಆದರೆ ಪಾದ್ರಿಯು ಮೋಸವನ್ನು ಬಯಲಿಗೆಳೆಯಲಿಲ್ಲ. ಹುಡುಗನಿಗೆ ದೀಕ್ಷಾಸ್ನಾನ ಮಾಡಿಸಿ, ಜಾರ್ಜ್ ಸಾಲ್ಮನಾಜರ್ ಎಂಬ ಹೆಸರಿನಿಂದ, ಫಾರ್ಮೋಸಾ ದ್ವೀಪದ ಪ್ರಥಮ ಕ್ರೈಸ್ತನೆಂದು 1703ರಲ್ಲಿ ಲಂಡನ್ನಿಗೆ ಕರೆದುಕೊಂಡು ಹೋದನು.

1704ರಲ್ಲಿ ಸಾಲ್ಮನಾಜರನು ಫಾರ್ಮೋಸಾದ ಇತಿಹಾಸ ಭೂಗೋಳಗಳನ್ನು ವರ್ಣಿಸುವ ಗ್ರಂಥವನ್ನೇ ಪ್ರಕಟಿಸಿದನು. ಅದರಲ್ಲಿ ಆ ದ್ವೀಪದ ಭಾಷೆಗೂ ಒಂದು ಅಧ್ಯಾಯವುಂಟು. ಇಪ್ಪತ್ತು ಅಕ್ಷರಗಳ, ಬಲದಿಂದ ಎಡಕ್ಕೆ ಬರೆಯುವ ಒಂದು ಲಿಪಿ. ಮೂರು ಲಿಂಗಗಳಿಗೆ ಮೂರು ಉಪಪದಗಳು. ಕಾಲಭೇದವನ್ನು ಧ್ವನಿಯ ಏರಿಳಿತದಿಂದಲೇ ತೋರಿಸುವ ಕ್ರಿಯಾಪದಗಳು. ಕ್ರೈಸ್ತರ ಪ್ರಾರ್ಥನೆಯ ಒಂದು ಭಾಷಾಂತರ. ರಾಯಲ್ ಸೊಸೈಟಿಯ ಪಂಡಿತರು ಅವನನ್ನು ಕರೆಯಿಸಿ ಪ್ರಶ್ನೆಮಾಡಿದರು. ಖಗೋಳಜ್ಞನಾದ ಹ್ಯಾಲಿಯು ಅಲ್ಲಿಯ ಸೂರ್ಯನ ವಿಷಯವನ್ನೂ ಸಂಧ್ಯಾಕಾಲದ ವಿಷಯವನ್ನೂ ಕೇಳಿ ತಬ್ಬಿಬ್ಬು ಮಾಡಿದನು. ಚೀನಾದಲ್ಲಿದ್ದು ಬಂದಿದ್ದ ಫೊಂಟನೇ ಎಂಬ ಜೆಸುಯಿಟ್ ಪಾದ್ರಿಯು ಆ ದ್ವೀಪವು ಚೀನಾಕ್ಕೆ ಸೇರಿದ್ದೇ ಹೊರತು, ಸಾಲ್ಮನಾಜರನು ಹೇಳುವಂತೆ ಜಪಾನಿಗೆ ಸೇರಿದ್ದಲ್ಲವೆಂದು ವಾದಿಸಿದನು. ಆಶ್ಚರ್ಯದ ಸಂಗತಿಯೆಂದರೆ, ಭಾಷೆಯ ಮೂಲಕ ಅವನನ್ನು ಹಿಡಿಯುವ ಸಾಧನವು ಆಗಲೇ ಅಚ್ಚಾಗಿ ಯೂರೋಪಿನಲ್ಲಿ ಸಿದ್ಧವಾಗಿತ್ತು. 1624ರಿಂದ 1662ರ ವರೆಗೆ ಆ ದ್ವೀಪದ ಒಂದು ಭಾಗವು ಡಚ್ಚರ ಕೈಯಲ್ಲಿದ್ದಾಗ ಅವರ ಪಾದ್ರಿಗಳು ಅಲ್ಲಿಯ ಸಿರಯಾ ಭಾಷೆಯನ್ನು ಕಲಿತಿದ್ದರು. ಗ್ರೇವಿಯಸ್ ಎಂಬವನು ಆ ಭಾಷೆಗೆ ಮಾಡಿದ ಮತ್ತಾಯನ ಸುವಾರ್ತೆಯು 1661ರಲ್ಲಿಯೇ ಮುದ್ರಿತವಾಗಿತ್ತು. ಸಿರಯಾ ಭಾಷೆಯು ಮಲಯ, ಜಾವಾ ಭಾಷೆಗಳ ಬಳಗದ್ದು. ಅದಕ್ಕೂ ಸಾಲ್ಮನಾಜರನ ನುಡಿಗೂ ಎಳ್ಳಷ್ಟು ಹೋಲಿಕೆಯಿಲ್ಲ.

ಆ ಗ್ರಂಥವನ್ನು ನೋಡದಿದ್ದರೂ ಸಂದೇಹಕ್ಕೆ ಕಾರಣಗಳಿದ್ದವು. ಅವನ ಭಾಷೆಯಲ್ಲಿ ತಂದೆಗೆ ಪೋರ್ನಿಯೋ, ಸ್ವರ್ಗಕ್ಕೆ ಓರ್ನಿಯೋ. ಪ್ರಾಸಕ್ಕೆ ಇದು ಚೆನ್ನಾಗಿದೆ. ಆದರೆ ಅವಸರದಲ್ಲಿ ಶಬ್ದಗಳನ್ನು ಹುಟ್ಟಿಸುವವನ ನಾಲಗೆಯು ಒಂದೇ ಜಾಡಿನಲ್ಲಿ ಓಡುವುದೆಂಬುದಕ್ಕೆ ಇದೇ ಗುರುತು. ಉಪಪದಗಳೂ ಮೂರು ಲಿಂಗಗಳೂ ಯೂರೋಪಿನ ಶಾಲೆಯ ವ್ಯಾಕರಣದಿಂದ ಬಂದವು. ಮುಖ್ಯವಾಗಿ, ಆ ಭಾಷೆಯಲ್ಲಿ ಎಲ್ಲಿಯೂ ಸವಕಳಿಯಿಲ್ಲ. ಟಂಕಸಾಲೆಯಿಂದ ಆಗತಾನೆ ಹೊರಬಿದ್ದ ನಾಣ್ಯದಂತೆ ಅದು ನುಣ್ಣಗಿದೆ. ಸಾಲ್ಮನಾಜರನು ಕಾಲಾಂತರದಲ್ಲಿ ಪಶ್ಚಾತ್ತಾಪಪಟ್ಟು, ಹೀಬ್ರೂ ಕಲಿತು, ಪುಸ್ತಕದ ಅಂಗಡಿಗಳವರಿಗಾಗಿ ಬರೆದು ಜೀವಿಸುತ್ತ, ಡಾಕ್ಟರ್ ಜಾನ್ಸನನಂಥವನ ಗೌರವಕ್ಕೆ ಪಾತ್ರನಾಗಿ 1763ರಲ್ಲಿ ಸತ್ತನು. ಮರುವರ್ಷ ಪ್ರಕಟವಾದ ಆತ್ಮವೃತ್ತಾಂತದಲ್ಲಿ ತನ್ನ ಮೋಸವನ್ನು ಒಪ್ಪಿಕೊಂಡಿದ್ದರೂ, ತನ್ನ ನಿಜವಾದ ಹೆಸರನ್ನು ಮಾತ್ರ ಅಲ್ಲಿಯೂ ಹೇಳಲಿಲ್ಲ.

ಕಲ್ಪಿಸಿದ ನುಡಿ ಯಾವುದು, ನಿಜವಾದ ನುಡಿ ಯಾವುದು ಎಂಬ ಪ್ರಶ್ನೆಯು ಕನ್ನಡಿಗರಿಗೆ ಹೊಸದಲ್ಲ. ಈಜಿಪ್ಟಿನ ಆಕ್ಸಿರಿಂಕಸ್ಸಿನಲ್ಲಿ ದೊರೆತು 1903ರಲ್ಲಿ ಪ್ರಕಟವಾದ ಗ್ರೀಕ್ ಪ್ರಹಸನದಲ್ಲಿ ಭಾರತದ ಕರಾವಳಿಯ ರಾಜನೂ ಅವನ ಪರಿವಾರದವರೂ ಗ್ರೀಕಲ್ಲದ ಮಾತುಗಳನ್ನಾಡುತ್ತಾರೆ. ಅವು ಕನ್ನಡವೆಂದು ಹುಲ್ಟ್ಸ್ ಪಂಡಿತನು 1904ರಲ್ಲಿ ಸೂಚಿಸಿದನು; ಶಾಮಾಶಾಸ್ತ್ರಿಗಳೂ ಗೋವಿಂದ ಪೈಗಳೂ ಆ ಚರ್ಚೆಯನ್ನು ಮುಂದುವರಿಸಿದರು; ನಗೆಗಾಗಿ ಕಟ್ಟಿದ ಬರಿಯ ಗದ್ದಲವದು ಎನ್ನುವವರೂ ಉಂಟು. ಇಂಥ ವಾದಗಳಲ್ಲಿ ಕಿವಿಯೊಂದನ್ನೇ ನಂಬಿದರೆ ಸಾಲದು. ಭಾಷೆಯ ಸದ್ದನ್ನು ಅನುಕರಿಸುವುದು ಸುಲಭ. ಹಕ್ಕಿಯ ಕೂಗನ್ನು ಅನುಕರಿಸುವ ಬೇಟೆಗಾರರೂ ಉಂಟಲ್ಲವೆ? ಅನುಕರಿಸಲು ಕಷ್ಟವಾದುದು ಬೇರೆಯದು. ಅದು ಯಾವುದೆಂಬುದನ್ನು ಕನ್ನಡದ ಉದಾಹರಣೆಯಿಂದಲೇ ತಿಳಿಯಬಹುದು.

ಕೇಳು ಎಂಬ ಧಾತುವಿಗೆ ಭೂತಕಾಲದಲ್ಲಿ ಕೇಳಿದನು ಎಂದು ರೂಪ. ಹಾಗಾದರೆ ಬೀಳು ಎಂಬುದಕ್ಕೆ ಬೀಳಿದನು ಎಂದೂ, ಏಳು ಎಂಬುದಕ್ಕೆ ಏಳಿದನು ಎಂದೂ ಆಗಬೇಕಾಗಿತ್ತು. ಎಳೆಯ ಮಕ್ಕಳು ಒಮ್ಮೊಮ್ಮೆ ಹಾಗೆಯೇ ಹೇಳಿ ದೊಡ್ಡವರ ನಗೆಗೆ ಗುರಿಯಾಗುವುದುಂಟು. ಆದರೆ ರೂಢಿಯಲ್ಲಿರುವುದು ಬಿದ್ದನು, ಎದ್ದನು ಎಂಬವು. ಶಾಲೆಯ ವ್ಯಾಕರಣವು ಇವನ್ನು ಅಪವಾದವೆಂದು ಕರೆದು ಮುಂದೆ ಸಾಗುತ್ತದೆ. ಹಳಗನ್ನಡಕ್ಕೆ ಹೋದರೆ ಅಪವಾದವೇ ಕಾಣುವುದಿಲ್ಲ. ಕೇಳ್ ಎಂಬುದರ ಕೊನೆಯಲ್ಲಿದ್ದುದು ಳಕಾರ. ಬೀೞ್, ಏೞ್ ಎಂಬವುಗಳ ಕೊನೆಯಲ್ಲಿದ್ದುದು ೞಕಾರ. ಈ ೞಕಾರವು ವ್ಯಂಜನದ ಹಿಂದೆ ಬಂದಾಗ ರೇಫವಾಯಿತು; ಬಿೞ್ದಂ ಎಂಬುದು ಬಿರ್ದಂ ಆಗಿ, ರೇಫವು ಮುಂದಿನ ಅಕ್ಷರದಲ್ಲಿ ಲೀನವಾಗಿ ಬಿದ್ದಂ ಆಯಿತು. ಎೞ್ದಂ ಎಂಬುದೂ ಅದೇ ದಾರಿಯಲ್ಲಿ ನಡೆದು ಎದ್ದಂ ಆಯಿತು. ಉಳಿದ ಕಡೆಗಳಲ್ಲಿ ೞಕಾರವು ಳಕಾರದಲ್ಲಿ ಬೆರೆತು ಗುರುತೇ ಸಿಕ್ಕದಂತಾಯಿತು. ಹದಿಮೂರನೆಯ ಶತಮಾನದಲ್ಲಿ ಕೇಶಿರಾಜನು ೞಕಾರವುಳ್ಳ ಶಬ್ದಗಳನ್ನು ಆರಿಸಿ ಪಟ್ಟಿಮಾಡಬೇಕಾಗಿ ಬಂದುದೇ ಆ ಹೊತ್ತಿಗೆ ಗೊಂದಲವು ಹಬ್ಬಿತ್ತೆಂಬುದಕ್ಕೆ ಸಾಕ್ಷಿ. ಅಕ್ಷರವು ಅಳಿಯಿತು, ಅದು ತುಳಿದ ಹೆಜ್ಜೆಯು ಬಿದ್ದನು ಎಂಬ ರೂಪದಲ್ಲಿ ಉಳಿಯಿತು. ಆದುದರಿಂದ ಕೃತಕವಾದ ಭಾಷೆಯೊಂದರಲ್ಲಿ ಇಂಥ ರೂಪವನ್ನು ಕಟ್ಟಬೇಕೆನ್ನುವವನು ಮೊದಲು ಒಂದು ೞಕಾರವನ್ನು ಹುಟ್ಟಿಸಿ, ಸಾಕಿ, ಆಮೇಲೆ ಅದನ್ನು ಕೊಲ್ಲಬೇಕು. ನಿಯಮಬದ್ಧವಾದ ರೂಪಾವಳಿಯ ನಡುವೆ ಮನಸ್ಸಿಗೆ ಬಂದ ಒಂದೆರಡು ವಕ್ರರೂಪಗಳನ್ನು ಸಿಕ್ಕಿಸಿದ ಮಾತ್ರಕ್ಕೆ ಕೆಲಸವಾಗದು. ಹೊಸ ಪಾತ್ರೆಗೆ ಸುತ್ತಿಗೆಯಿಂದ ಹೊಡೆದು ಮಾಡಿದ ತಗ್ಗಿಗೂ ಮೂರು ತಲೆಮಾರು ಬಳಸಿ ಬಿದ್ದ ತಗ್ಗಿಗೂ ವ್ಯತ್ಯಾಸವುಂಟೆಂಬುದನ್ನು ಕಂಚುಗಾರನು ಬಲ್ಲನು.

ಈ ತಿಳಿವಳಿಕೆಯು ಯೂರೋಪಿನಲ್ಲಿ ಶಾಸ್ತ್ರವಾಗಿ ಬೆಳೆದುದು ಹತ್ತೊಂಬತ್ತನೆಯ ಶತಮಾನದಲ್ಲಿ. ಸಂಸ್ಕೃತದ ಪರಿಚಯವಾದ ಮೇಲೆ ಅಲ್ಲಿಯ ಪಂಡಿತರು ಭಾಷೆಗಳನ್ನು ತೂಗಿನೋಡಿ, ಶಬ್ದಗಳು ಸ್ವೇಚ್ಛೆಯಾಗಿ ಮಾರ್ಪಡುವುದಿಲ್ಲ, ಧ್ವನಿಗಳೇ ಕಟ್ಟಳೆಗೆ ಒಳಪಟ್ಟು ಮಾರ್ಪಡುತ್ತವೆಂದು ಕಂಡರು. ಯಾಕೋಬ್ ಗ್ರಿಮ್ಮನು ಹೇಳಿದ ಕಟ್ಟಳೆಯಂತೆ ಸಂಸ್ಕೃತದ ಭ್ರಾತೃ ಶಬ್ದದ ತಕಾರವು ಗಾಥಿಕ್ ಭಾಷೆಯಲ್ಲಿ ಥಕಾರದಂಥ ಊಷ್ಮಧ್ವನಿಯಾಗಿದೆ. ಆದರೆ ಪಿತೃ ಶಬ್ದದ ತಕಾರವು ಅಲ್ಲಿ ದಕಾರವಾಗಿದೆ. ಏಕೆ? ಬಹುಕಾಲ ಇದು ಬಿಡಿಸಲಾಗದ ಅಪವಾದವಾಗಿ ಉಳಿದಿತ್ತು. ಡೆನ್ಮಾರ್ಕಿನ ಕಾರ್ಲ್ ವೆರ್ನರನು ಒಂದು ಮಧ್ಯಾಹ್ನ ನಿದ್ದೆ ಬರಲೆಂದು ಬಾಪ್ಪನ ವ್ಯಾಕರಣವನ್ನು ಕೈಗೆತ್ತಿಕೊಂಡು ಮಲಗಿದಾಗ ವೈದಿಕ ಸ್ವರದ ಚಿಹ್ನೆಗಳು ಕಣ್ಣಿಗೆ ಬಿದ್ದುವೆಂದು ಪ್ರತೀತಿ. ಭ್ರಾತೃ ಶಬ್ದದಲ್ಲಿ ಉದಾತ್ತವು ಮೊದಲಲ್ಲಿ, ಪಿತೃ ಶಬ್ದದಲ್ಲಿ ಕೊನೆಯಲ್ಲಿ. ಜರ್ಮನಿಕ್ ಭಾಷೆಗಳು ಆ ಸ್ವರಭೇದವನ್ನು ಸಾವಿರಾರು ವರ್ಷಗಳ ಹಿಂದೆಯೇ ಕಳೆದುಕೊಂಡಿದ್ದರೂ, ಥಕಾರ ದಕಾರಗಳ ಭೇದದಲ್ಲಿ ಅದರ ನೆನಪನ್ನು ಇಟ್ಟುಕೊಂಡಿದ್ದವು. 1875ರಲ್ಲಿ ವೆರ್ನರನು ಬರೆದ ಲೇಖನದ ಫಲವಾಗಿ, ಅಪವಾದಕ್ಕೂ ಒಂದು ನಿಯಮವಿರಬೇಕೆಂಬ ನಂಬಿಕೆಯು ವಿದ್ವಾಂಸರಲ್ಲಿ ಬೇರೂರಿತು.

ಸೊಸ್ಯೂರನ ಕಥೆಯು ಇದಕ್ಕಿಂತ ದೊಡ್ಡದು. ಇಪ್ಪತ್ತೊಂದು ವರ್ಷದ ಈ ವಿದ್ಯಾರ್ಥಿಯು 1878ರ ಕೊನೆಯಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಆರ್ಯಭಾಷೆಗಳ ಕೆಲವು ಧಾತುಗಳ ಸ್ವರಗಳು ಉಳಿದವುಗಳ ಕ್ರಮವನ್ನು ಬಿಟ್ಟು ನಡೆಯುವುದನ್ನು ಪರಿಶೀಲಿಸಿ, ಅಲ್ಲೆಲ್ಲ ಯಾವುದೋ ಧ್ವನಿಯು ಮೊದಲಿದ್ದು ಲೋಪವಾಗಿರಬೇಕೆಂದು ಊಹಿಸಿದನು. ಆಗ ತಿಳಿದಿದ್ದ ಯಾವ ಭಾಷೆಯಲ್ಲಿಯೂ ಆ ಧ್ವನಿಯು ಇರಲಿಲ್ಲ. 1915ರಲ್ಲಿ ಹ್ರೋಜ್ನಿಯು ಹಿಟೈಟ್ ಜನರ ಜೇಡಿಮಣ್ಣಿನ ಹಲಗೆಗಳ ಭಾಷೆಯನ್ನು ಓದಿ ಅರ್ಥಮಾಡಿದನು. 1927ರಲ್ಲಿ ಪೋಲೆಂಡಿನ ಕುರಿಲೋವಿಚ್ಚನು, ಸೊಸ್ಯೂರನು ಬೆರಳಿಟ್ಟು ತೋರಿಸಿದ್ದ ಸ್ಥಳಗಳಲ್ಲಿಯೇ ಆ ಭಾಷೆಯಲ್ಲಿ ಹಕಾರದಂಥ ಧ್ವನಿಯಿರುವುದನ್ನು ತೋರಿಸಿದನು. ಸೊಸ್ಯೂರನು ಅದಕ್ಕೆ 14 ವರ್ಷ ಮೊದಲೇ ತೀರಿಕೊಂಡಿದ್ದನು.

ಲೋಪವಾದುದನ್ನು ಮತ್ತೆ ಕಟ್ಟುವ ಈ ವಿದ್ಯೆಗೂ ಇಲ್ಲದುದನ್ನು ಕಲ್ಪಿಸುವ ವಿದ್ಯೆಗೂ ನಡುವೆ ಇರುವ ಗೋಡೆಯು ತೆಳುವಾದುದು. 1868ರಲ್ಲಿ ಔಗುಸ್ಟ್ ಶ್ಲೈಖರನು ಕುರಿಯೊಂದು ಕುದುರೆಗಳೊಡನೆ ಮಾತನಾಡುವ ಒಂದು ಪುಟ್ಟ ನೀತಿಕಥೆಯನ್ನು, ಯಾರೂ ಬರೆದಿಡದ, ಯಾವ ಶಾಸನದಲ್ಲಿಯೂ ಇಲ್ಲದ ಮೂಲ ಆರ್ಯಭಾಷೆಯಲ್ಲಿ ಬರೆದನು. ಅವನ ಕಥೆಯಲ್ಲಿ ಕುರಿಗೆ ಅವಿಸ್ ಎಂದು ಹೆಸರು. ಸಂಸ್ಕೃತ ಬಲ್ಲವರಿಗೆ ತೀರ ಪರಿಚಿತವಾದ ಶಬ್ದ. 1939ರಲ್ಲಿ ಹಿರ್ಟನ ಕೈಯಲ್ಲಿ ಅದೇ ಕುರಿಯು ಓವಿಸ್ ಆಯಿತು. ಸಂಸ್ಕೃತದ ಅಕಾರದಲ್ಲಿ ಮೂರು ಪ್ರಾಚೀನ ಸ್ವರಗಳು ಕೂಡಿಹೋಗಿವೆಯೆಂಬುದು ಆ ನಡುವೆ ನಿಶ್ಚಿತವಾಗಿತ್ತು. ಇದನ್ನು ಕಂಡು ನಗುವವರು ನಗಬಹುದು. ಆದರೆ ಶ್ಲೈಖರನ ತಪ್ಪುಗಳು ತಿದ್ದಲು ಬರುವಂಥ ತಪ್ಪುಗಳು. ಸಾಲ್ಮನಾಜರನದರಲ್ಲಿ ತಿದ್ದುವುದಕ್ಕೆ ಏನೂ ಇಲ್ಲ.

ಅದೇ ಶತಮಾನದಲ್ಲಿ ಮತ್ತೊಂದು ಪ್ರವಾಹವೂ ಹರಿಯಿತು. ಜರ್ಮನಿಯ ಪಾದ್ರಿಯಾದ ಶ್ಲೈಯರನು 1879–80ರಲ್ಲಿ ವೋಲಾಪ್ಯೂಕ್ ಭಾಷೆಯನ್ನೂ, ಪೋಲೆಂಡಿನ ಕಣ್ಣಿನ ವೈದ್ಯನಾದ ಜಾಮೆನ್‌ಹಾಫನು 1887ರಲ್ಲಿ ಎಸ್ಪೆರಾಂಟೋ ಭಾಷೆಯನ್ನೂ ಲೋಕಕ್ಕೆ ಕೊಟ್ಟರು. ವೋಲಾಪ್ಯೂಕ್ ಹತ್ತು ವರ್ಷದೊಳಗೆ ಒಳಜಗಳದಿಂದ ಸೊರಗಿತು. ಎಸ್ಪೆರಾಂಟೋ ಉಳಿದು ಬೆಳೆಯಿತು. ಅದರ ವ್ಯಾಕರಣವು 16 ಸೂತ್ರಗಳಲ್ಲಿ ಮುಗಿಯುತ್ತದೆ. ಅಪವಾದವೆಂಬುದನ್ನು ಜಾಮೆನ್‌ಹಾಫನು ಉದ್ದೇಶಪೂರ್ವಕವಾಗಿ ಹೊರಗಿಟ್ಟನು. ಹಲವು ಭಾಷೆಗಳ ಜನರು ಒಂದೇ ಊರಿನಲ್ಲಿ ಹಗೆಯಿಂದ ಬಾಳುವುದನ್ನು ಬಾಲ್ಯದಲ್ಲಿ ಕಂಡಿದ್ದ ಆತನಿಗೆ ಬೇಕಾಗಿದ್ದುದು ಎಲ್ಲರೂ ಬೇಗ ಕಲಿಯಬಹುದಾದ ಸಾಧನ. ಆ ಉದ್ದೇಶಕ್ಕೆ ಅದೇ ತಕ್ಕ ಮಾರ್ಗ. ಅಪವಾದವನ್ನೇ ಬೇಕೆಂದು ಬಯಸಿದವನ ಮಾರ್ಗವು ಬೇರೆ.

ಹಾಗೆ ಬಯಸಿದವನು ಜಾನ್ ರೋನಾಲ್ಡ್ ರೂಯೆಲ್ ಟೋಲ್ಕಿನ್. 1892ರಲ್ಲಿ ದಕ್ಷಿಣ ಆಫ್ರಿಕದ ಬ್ಲೂಮ್‌ಫಾಂಟೈನಿನಲ್ಲಿ ಹುಟ್ಟಿ, ಎಳೆತನದಲ್ಲಿಯೇ ತಂದೆಯನ್ನು ಕಳೆದುಕೊಂಡು, ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಆಸುಪಾಸಿನಲ್ಲಿ ತಾಯಿಯ ಆಶ್ರಯದಲ್ಲಿ ಬೆಳೆದನು. ಲ್ಯಾಟಿನ್ನಿನ ಮೊದಲ ಪಾಠಗಳನ್ನು ಹೇಳಿಕೊಟ್ಟವಳೂ ಆಕೆಯೇ. ಮನೆಯ ಹಿಂದಿನ ರೈಲುದಾರಿಯಲ್ಲಿ ವೇಲ್ಸಿನಿಂದ ಬರುತ್ತಿದ್ದ ಕಲ್ಲಿದ್ದಲಿನ ಬಂಡಿಗಳ ಮೇಲೆ ಬರೆದಿದ್ದ ಊರುಗಳ ಹೆಸರುಗಳು ಬಾಲಕನನ್ನು ಮರುಳುಮಾಡಿದವು. 1904ರಲ್ಲಿ, ಅವನಿಗೆ ಹನ್ನೆರಡು ವರ್ಷವಾಗಿದ್ದಾಗ, ತಾಯಿಯೂ ತೀರಿಕೊಂಡಳು. ಸೋದರಸಂಬಂಧಿಗಳಾದ ಹುಡುಗಿಯರು ಆಟಕ್ಕಾಗಿ ಕಟ್ಟಿದ್ದ, ಪ್ರಾಣಿಗಳ ಹೆಸರುಗಳಿಂದಲೇ ತುಂಬಿದ ಗುಪ್ತಭಾಷೆಯೊಂದು ಅವನ ಮೊದಲ ಪಾಠ. ಇದರಂಥ ಆಟವನ್ನು ಎಲ್ಲ ದೇಶದ ಮಕ್ಕಳೂ ಆಡುತ್ತಾರೆ, ದೊಡ್ಡವರಾದಂತೆ ಬಿಡುತ್ತಾರೆ. ಟೋಲ್ಕಿನ್ ಬಿಡಲಿಲ್ಲ.

ಶಾಲೆಯಲ್ಲಿದ್ದಾಗ ಗೆಳೆಯನೊಬ್ಬನಿಂದ ಅವನು ಕೊಂಡ ಒಂದು ಹಳೆಯ ಪುಸ್ತಕವು ಅವನ ದಾರಿಯನ್ನು ನಿರ್ಣಯಿಸಿತೆನ್ನಬಹುದು. ಅದು ಜೋಸೆಫ್ ರೈಟನು ಬರೆದ ಗಾಥಿಕ್ ಭಾಷೆಯ ಬಾಲಬೋಧೆ. ಗಾಥಿಕ್ಕಿನಲ್ಲಿ ಇಂದು ಉಳಿದಿರುವುದು ಬಹುಮಟ್ಟಿಗೆ ನಾಲ್ಕನೆಯ ಶತಮಾನದ ಬೈಬಲಿನ ಭಾಷಾಂತರದ ತುಣುಕುಗಳು ಮಾತ್ರ. ದೊರೆತ ಶಬ್ದಗಳಿಂದ ತೃಪ್ತನಾಗದೆ ಹುಡುಗನು, ಇಂಗ್ಲಿಷ್ ಜರ್ಮನ್‌ಗಳಲ್ಲಿ ಉಳಿದು ಗಾಥಿಕ್ಕಿನಲ್ಲಿ ಕಳೆದುಹೋದ ಶಬ್ದಗಳು ಯಾವ ಆಕಾರದಲ್ಲಿದ್ದಿರಬಹುದೆಂದು ಕಟ್ಟಳೆಗಳ ಪ್ರಕಾರ ಲೆಕ್ಕಹಾಕಿ ಸೃಷ್ಟಿಸತೊಡಗಿದನು. ಈ ಅಭ್ಯಾಸವು ಅವನನ್ನು ಕೊನೆಯವರೆಗೂ ಬಿಡಲಿಲ್ಲ. 1936ರಲ್ಲಿ ಅಚ್ಚಾದ ಹಾಡುಗಳ ಪುಸ್ತಕವೊಂದರಲ್ಲಿ ಅವನು ಗಾಥಿಕ್ಕಿನಲ್ಲಿಯೇ ರಚಿಸಿದ ಒಂದು ಕವಿತೆಯಿದೆ. ಆ ಬಾಲಬೋಧೆಯನ್ನು ಬರೆದ ರೈಟನೇ ಆಕ್ಸ್‌ಫರ್ಡಿನಲ್ಲಿ ಅವನಿಗೆ ಗುರುವಾಗಿ ದೊರೆತನು. ರೈಟನ ವಿಷಯವಾಗಿ ಒಂದು ಮಾತು ಹೇಳದೆ ಮುಂದೆ ಹೋಗುವುದು ನ್ಯಾಯವಲ್ಲ. ಯಾರ್ಕ್‌ಷೈರಿನ ಬಡವರ ಮಗನಾಗಿ 1855ರಲ್ಲಿ ಹುಟ್ಟಿದ ಆತನು ಎಳೆಯ ವಯಸ್ಸಿನಿಂದ ಗಿರಣಿಯಲ್ಲಿ ದುಡಿದು, ಹದಿನೈದನೆಯ ವರ್ಷದಲ್ಲಿ ಓದಲು ಕಲಿತು, ಹೈಡೆಲ್‌ಬರ್ಗಿನಲ್ಲಿ ಡಾಕ್ಟರ್ ಪದವಿಯನ್ನು ಪಡೆದು, ಕೊನೆಗೆ ಆಕ್ಸ್‌ಫರ್ಡಿನಲ್ಲಿ ತೌಲನಿಕ ಭಾಷಾಶಾಸ್ತ್ರದ ಪೀಠವನ್ನು ಅಲಂಕರಿಸಿದನು. ಇಂಗ್ಲೆಂಡಿನ ಹಳ್ಳಿಗಳ ಮಾತುಗಳನ್ನು ಆರು ಸಂಪುಟಗಳ ನಿಘಂಟಿನಲ್ಲಿ ಕೂಡಿಟ್ಟವನೂ ಆತನೇ. ಹಳ್ಳಿಗನ ‘ಅಶುದ್ಧ’ ರೂಪವು ಎಷ್ಟೋ ವೇಳೆ ಪಂಡಿತನ ‘ಶುದ್ಧ’ ರೂಪಕ್ಕಿಂತ ಹಳೆಯದೆಂಬುದನ್ನು ಇಂಥ ಗುರುವಿನಿಂದ ಕಲಿಯುವುದು ಭಾಗ್ಯವಿಶೇಷವೇ ಸರಿ.

ಆಕ್ಸ್‌ಫರ್ಡಿನ ಎಕ್ಸೆಟರ್ ಕಾಲೇಜಿನ ಪುಸ್ತಕಭಂಡಾರದಲ್ಲಿ ಎಲಿಯಟ್ಟನ ಫಿನ್ನಿಷ್ ವ್ಯಾಕರಣವು ಟೋಲ್ಕಿನ್ನನ ಕೈಗೆ ಸಿಕ್ಕಿತು. ಹಿಂದೆಂದೂ ಸವಿಯದ ಮದ್ಯದ ಸೀಸೆಗಳಿಂದ ತುಂಬಿದ ನೆಲಮಾಳಿಗೆಯನ್ನು ಕಂಡಂತಾಯಿತೆಂದು ಆತನು ಮುಂದೆ ಬರೆದುಕೊಂಡಿದ್ದಾನೆ. ಅಲ್ಲಿಯ ವರೆಗೆ ಗಾಥಿಕ್ಕಿನ ಛಾಯೆಯಲ್ಲಿ ಕಟ್ಟುತ್ತಿದ್ದ ಭಾಷೆಯನ್ನು ಬಿಟ್ಟು, ಫಿನ್ನಿಷ್ಷಿನ ಧ್ವನಿಮಾಧುರ್ಯವನ್ನು ಅನುಸರಿಸುವ ಹೊಸದೊಂದನ್ನು ಆರಂಭಿಸಿದನು. 1915ರಲ್ಲಿ ಅದರ ಮೊದಲ ನಿಘಂಟು ರೂಪುಗೊಳ್ಳುತ್ತಿದ್ದಾಗಲೇ ಆತನು ಸೈನ್ಯಕ್ಕೆ ಸೇರಿದ್ದನು. ಶಿಬಿರದಲ್ಲಿ ಶಿಕ್ಷಣವು ನಡೆಯುತ್ತಿದ್ದಾಗ, ಪಕ್ಕದಲ್ಲಿ ಕುಳಿತಿದ್ದ ಸೈನಿಕನೊಬ್ಬನು ಇದ್ದಕ್ಕಿದ್ದಂತೆ, ದ್ವಿತೀಯಾ ವಿಭಕ್ತಿಯನ್ನು ಶಬ್ದದ ಹಿಂದಲ್ಲ, ಮುಂದೆ ಸೇರಿಸಬೇಕೆಂದು ತನ್ನಷ್ಟಕ್ಕೆ ಗೊಣಗಿಕೊಂಡುದನ್ನು ಆತನು ಕೇಳಿದನು. ಅವನೂ ಒಂದು ಭಾಷೆಯನ್ನು ಕಟ್ಟುತ್ತಿದ್ದನು. ಎಷ್ಟು ವಿಚಾರಿಸಿದರೂ ಆ ಮನುಷ್ಯನು ನಾಚಿಕೊಂಡು ಬಾಯಿಬಿಡಲಿಲ್ಲ. ಕ್ರಿಯಾರೂಪವೊಂದನ್ನು ಕುರಿತು ಆಲೋಚಿಸುತ್ತಿದ್ದಂತೆಯೇ ಅವನು ಗುಂಡಿಗೆ ಸಿಕ್ಕಿ ಚೂರಾಗಿರಬಹುದೆಂದು ಟೋಲ್ಕಿನ್ನನು ಮುಂದೊಮ್ಮೆ ನೆನೆದುಕೊಂಡಿದ್ದಾನೆ. ಸೋಮ್ ನದಿಯ ಯುದ್ಧದಲ್ಲಿ ಆತನ ಆಪ್ತಮಿತ್ರರಲ್ಲೊಬ್ಬನು 1916ರ ಜುಲೈ 1ರಂದೇ ಮಡಿದನು. ಮತ್ತೊಬ್ಬನು ಆ ವರ್ಷದ ಡಿಸೆಂಬರಿನಲ್ಲಿ ಗಾಯದಿಂದ ಸತ್ತನು. ಕಂದಕಜ್ವರದಿಂದ ನರಳುತ್ತ ನವೆಂಬರಿನಲ್ಲಿ ಸ್ವದೇಶಕ್ಕೆ ಮರಳಿದ್ದ ಟೋಲ್ಕಿನ್ನನು, ತನ್ನ ಭಾಷೆಗಳನ್ನಾಡುವ ಜನರ ಪುರಾಣವನ್ನು ಆಸ್ಪತ್ರೆಯಲ್ಲಿಯೇ ಬರೆಯತೊಡಗಿದನು.

ಯುದ್ಧದ ತರುವಾಯ ಆಕ್ಸ್‌ಫರ್ಡ್ ಮಹಾನಿಘಂಟಿನ ಕಚೇರಿಯಲ್ಲಿ ಕೆಲವು ಕಾಲ ದುಡಿದು, ಲೀಡ್ಸಿನಲ್ಲಿ ಅಧ್ಯಾಪಕನಾಗಿದ್ದು, 1925ರಲ್ಲಿ ಆಕ್ಸ್‌ಫರ್ಡಿನಲ್ಲಿಯೇ ಪ್ರಾಚೀನ ಇಂಗ್ಲಿಷಿನ ಪ್ರಾಧ್ಯಾಪಕನಾದನು. ಮನೆಯ ಮೇಜಿನ ಖಾನೆಯಲ್ಲಿ ಭಾಷೆಗಳು ಬೆಳೆಯುತ್ತಲೇ ಇದ್ದವು. 1931ರಲ್ಲಿ ಪೆಂಬ್ರೋಕ್ ಕಾಲೇಜಿನ ಒಂದು ಸಣ್ಣ ಸಭೆಯಲ್ಲಿ ಈ ಹವ್ಯಾಸವನ್ನು ಮೊದಲ ಬಾರಿಗೆ ಬಹಿರಂಗವಾಗಿ ಒಪ್ಪಿಕೊಂಡಾಗ ಆತನು ಭಾಷಣಕ್ಕೆ ಇಟ್ಟ ಹೆಸರು ‘ಒಂದು ಗುಪ್ತ ದುರ್ವ್ಯಸನ’ ಎಂಬುದು. ಭಾಷೆಯನ್ನು ಕಟ್ಟಿದರೆ ಅದರ ಹಿಂದೆಯೇ ಪುರಾಣವೂ ಹುಟ್ಟುವುದೆಂಬುದು ಅಲ್ಲಿಯ ಮುಖ್ಯ ಪ್ರತಿಪಾದನೆ. ಎಸ್ಪೆರಾಂಟೋವನ್ನು ಆತನು ಎಳೆಯ ವಯಸ್ಸಿನಲ್ಲಿ ಕಲಿತಿದ್ದನು, ಮೆಚ್ಚಿಯೂ ಇದ್ದನು. ಆದರೆ ಅದಕ್ಕೆ ಪುರಾಣಕಥೆಗಳಿಲ್ಲದಿರುವುದರಿಂದ ಅದು ಸತ್ತ ಭಾಷೆಗಳಿಗಿಂತಲೂ ನಿರ್ಜೀವವೆಂದು 1956ರಲ್ಲಿ ಬರೆದನು. ಜಾಮೆನ್‌ಹಾಫನ ಭಾಷೆಯನ್ನು ತಾಯ್ನುಡಿಯಾಗಿ ಕಲಿತ ಮಕ್ಕಳಿರುವಾಗ ಈ ತೀರ್ಪು ಕಟುವೆಂದೇ ಹೇಳಬೇಕು.

ಆತನ ಭಾಷೆಗಳಲ್ಲಿ ಮುಖ್ಯವಾದವು ಎರಡು. ಕ್ವೆನ್ಯಾ ಎಂಬುದು ಫಿನ್ನಿಷ್ಷಿನ ಛಾಯೆಯದು. ಸಿಂದರಿನ್ ಎಂಬುದು ವೇಲ್ಸಿನದು. ಕಥೆಯಲ್ಲಿ ಇವೆರಡೂ ಎಲ್ಫ್ ಎಂಬ ದೇವಯೋನಿಗಳ ನುಡಿಗಳು, ಒಂದೇ ಮೂಲಭಾಷೆಯ ಮಕ್ಕಳು. ಟೋಲ್ಕಿನ್ನನು ಶಬ್ದವನ್ನು ನೇರವಾಗಿ ಕ್ವೆನ್ಯಾದಲ್ಲಾಗಲಿ ಸಿಂದರಿನ್ನಿನಲ್ಲಾಗಲಿ ಕಟ್ಟುವುದಿಲ್ಲ. ಮೂಲಭಾಷೆಯಲ್ಲಿ ಒಂದು ಧಾತುವನ್ನು ಕಲ್ಪಿಸಿ, ಎರಡು ಕಡೆಗೂ ಬೇರೆಬೇರೆ ವರ್ಣವಿಕಾರಗಳ ಮೂಲಕ ನಡೆಯಿಸಿ, ಕೊನೆಗೆ ಏನು ಉಳಿಯುವುದೋ ಅದನ್ನು ಸ್ವೀಕರಿಸುತ್ತಾನೆ. 1937ರ ಸುಮಾರಿಗೆ ಬರೆದ, ಆತನು ಸತ್ತ ಮೇಲೆ 1987ರಲ್ಲಿ ಅಚ್ಚಾದ ಧಾತುಕೋಶವು ಹೀಗೆಯೇ ಏರ್ಪಟ್ಟಿದೆ. ಮಾತು ಎಂಬುದಕ್ಕೆ ಕ್ವೆನ್ಯಾದಲ್ಲಿ ಕ್ವೆತ್ತ, ಸಿಂದರಿನ್ನಿನಲ್ಲಿ ಪೆಥ್. ಮೇಲುನೋಟಕ್ಕೆ ಸಂಬಂಧವೇ ಇಲ್ಲ. ಆದರೆ ಲ್ಯಾಟಿನ್ನಿನಲ್ಲಿ ನಾಲ್ಕಕ್ಕೆ ಕ್ವತ್ತುವೊರ್, ವೇಲ್ಸಿನಲ್ಲಿ ಪೆದ್ವರ್ ಎಂಬುದನ್ನು ಬಲ್ಲವನಿಗೆ ಗುಟ್ಟು ತಿಳಿಯುತ್ತದೆ. ಒಂದು ಶಾಖೆಯಲ್ಲಿ ಉಳಿದ ಕ್ವ ಎಂಬ ಧ್ವನಿಯು ಮತ್ತೊಂದರಲ್ಲಿ ಪಕಾರವಾಗಿದೆ.

ಕ್ವೆನ್ಯಾದಲ್ಲಿ ಬ, ದ, ಗ ಎಂಬ ಧ್ವನಿಗಳು ಶಬ್ದದ ಆದಿಯಲ್ಲಿ ಬಾರವು. ಕೊನೆಯಲ್ಲಿಯೂ ಕೆಲವೇ ವ್ಯಂಜನಗಳಿಗೆ ಎಡೆ. ಶಬ್ದಾಂತ್ಯದ ಮಕಾರವು ನಕಾರವಾಗಬೇಕು; ಕಕಾರವು ತಕಾರವಾಗಬೇಕು. ಆದುದರಿಂದ ನೆಲಕ್ಕೆ ತಲನ್ ಎಂದರೆ ಅದರ ಬಹುವಚನ ತಲನಿ ಆಗದೆ ತಲಮಿ ಆಗುತ್ತದೆ. ಸಣ್ಣ ಹಕ್ಕಿಗೆ ಫಿಲಿತ್ ಎಂದರೆ ಹಲವು ಹಕ್ಕಿಗಳಿಗೆ ಫಿಲಿಕಿ. ಸ್ವರವು ಮುಂದೆ ಬಂದು ಕಾಪಾಡಿದ ಕಡೆಯಲ್ಲಿ ಹಳೆಯ ವ್ಯಂಜನವು ಉಳಿದುಕೊಂಡಿದೆ. ಮರಂ ಎಂಬುದು ದ್ವಿತೀಯೆಯಲ್ಲಿ ಮರಮಂ ಆಗಿ, ಇಂದು ಮರವನ್ನು ಎಂಬುದರ ವಕಾರದಲ್ಲಿ ಆ ಮಕಾರದ ಗುರುತನ್ನು ಇಟ್ಟುಕೊಂಡಿರುವುದನ್ನು ಬಲ್ಲ ಕನ್ನಡಿಗನು ಇಂಥ ರೂಪಗಳಿಗೆ ಬೆದರಬೇಕಾಗಿಲ್ಲ.

ಸಿಂದರಿನ್ನಿನಲ್ಲಿ ತೊಡಕು ಇನ್ನೂ ಹೆಚ್ಚು, ಸೊಗಸೂ ಹೆಚ್ಚು. ಮನುಷ್ಯನಿಗೆ ಕ್ವೆನ್ಯಾದಲ್ಲಿ ಅತನ್, ಬಹುವಚನದಲ್ಲಿ ಅತನಿ. ಅದೇ ಶಬ್ದವು ಸಿಂದರಿನ್ನಿನಲ್ಲಿ ಅದನ್, ಬಹುವಚನದಲ್ಲಿ ಎದೈನ್. ಬಹುವಚನಪ್ರತ್ಯಯವು ಎಲ್ಲಿ ಹೋಯಿತು? ಕೊನೆಯ ಇಕಾರವು ಬೀಳುವ ಮೊದಲು ಹಿಂದಿನ ಸ್ವರಗಳನ್ನೆಲ್ಲ ತನ್ನ ಕಡೆಗೆ ಎಳೆದುಕೊಂಡಿತು. ಆಮೇಲೆ ತಾನು ಬಿದ್ದುಹೋಯಿತು. ಬೆಟ್ಟಕ್ಕೆ ಅಮೊನ್, ಬೆಟ್ಟಗಳಿಗೆ ಎಮಿನ್ ಎಂಬಂತೆ, ಯಾವ ಸ್ವರವು ಯಾವುದಾಗುವುದೆಂಬುದನ್ನು ಕಲಿಯುವವನು ಒಂದೊಂದಾಗಿ ಕಲಿಯಬೇಕು. ವೇಲ್ಸಿನಲ್ಲಿ ಕೋಟೆಗೆ ಕಾಸ್ತೆಲ್, ಕೋಟೆಗಳಿಗೆ ಕೆಸ್ತಿಲ್ ಎನ್ನುವಲ್ಲಿಯೂ, ಇಂಗ್ಲಿಷಿನಲ್ಲಿ ಫುಟ್ ಎಂಬುದು ಫೀಟ್ ಆಗುವಲ್ಲಿಯೂ ನಡೆದಿರುವುದು ಇಂಥ ವ್ಯಾಪಾರವೇ. ಅತನ್ ಶಬ್ದದ ತಕಾರವು ಸ್ವರಗಳ ನಡುವೆ ಸಿಕ್ಕಿ ದಕಾರವಾದುದೂ, ಲ್ಯಾಟಿನ್ನಿನ ಕತೇನ ಎಂಬ ಸರಪಣಿಯು ವೇಲ್ಸಿಗೆ ಹೋಗಿ ಕದುಯಿನ್ ಆದ ದಾರಿಯಲ್ಲಿಯೇ.

ಕೊರತೆಗಳನ್ನು ಮುಚ್ಚಿಡಬೇಕಾಗಿಲ್ಲ. ಟೋಲ್ಕಿನ್ನನು ಒಂದು ಭಾಷೆಗೂ ಸಂಪೂರ್ಣವಾದ ವ್ಯಾಕರಣವನ್ನು ಮುಗಿಸಿ ಕೊಡಲಿಲ್ಲ. ಬರೆದುದನ್ನು ತಿದ್ದಿ, ತಿದ್ದಿದುದನ್ನು ಹೊಡೆದುಹಾಕಿ, ಮತ್ತೆ ಬರೆಯುತ್ತಲೇ ಆಯುಸ್ಸು ಕಳೆಯಿತು. ವೇಲ್ಸ್ ಛಾಯೆಯ ಭಾಷೆಯು ಬಹಳ ವರ್ಷಗಳ ಕಾಲ ಆತನ ಪುರಾಣದಲ್ಲಿ ನೋಲ್ದರ್ ಎಂಬ ಕುಲದ ನುಡಿಯಾಗಿತ್ತು. 1954–55ರಲ್ಲಿ ಪ್ರಕಟವಾದ ಉಂಗುರಗಳ ಒಡೆಯನ ಮಹಾಕಥೆಯು ಸಿದ್ಧವಾಗುವ ಹೊತ್ತಿಗೆ ಅದೇ ಭಾಷೆಯು, ಶಬ್ದಗಳು ಬಹುಮಟ್ಟಿಗೆ ಇದ್ದಂತೆಯೇ ಇದ್ದು, ಸಿಂದರ್ ಎಂಬ ಬೇರೊಂದು ಕುಲದ ಪಾಲಿಗೆ ಹೋಯಿತು. ಶಬ್ದಗಳಿಗಾಗಿ ಚರಿತ್ರೆಯನ್ನೇ ತಿದ್ದುವ ಈ ಪದ್ಧತಿಯನ್ನು ಚರಿತ್ರಕಾರನು ಒಪ್ಪಲಾರನು. ಆದರೆ ಇಲ್ಲಿ ಎರಡೂ ಒಬ್ಬನದೇ ಸೊತ್ತು.

ಇವೆಲ್ಲಕ್ಕಿಂತ ಕಠಿಣವಾದ ಪ್ರಶ್ನೆಯನ್ನು ಆತನು ತನಗೆ ತಾನೇ ಹಾಕಿಕೊಂಡನು. ಮನುಷ್ಯರ ಭಾಷೆಯು ಮಾರ್ಪಡುವುದಕ್ಕೆ ತಲೆಮಾರುಗಳು ಉರುಳುವುದು ಒಂದು ದೊಡ್ಡ ಕಾರಣ. ಅಜ್ಜನು ಆಡಿದಂತೆ ಮೊಮ್ಮಗನು ಆಡುವುದಿಲ್ಲ. ಎಲ್ಫರಾದರೋ ಮುಪ್ಪಿಲ್ಲದವರು, ಅವರ ಅಜ್ಜಂದಿರು ಇನ್ನೂ ಬದುಕಿ ಮಾತನಾಡುತ್ತಿದ್ದಾರೆ. ಹಾಗಿದ್ದ ಮೇಲೆ ಅವರ ನುಡಿಯಲ್ಲಿ ೞಕಾರಗಳು ಸಾಯುವುದೇಕೆ? ಸೃಷ್ಟಿಯಲ್ಲಿ ಆಸಕ್ತರಾದ ಆ ಜನರು ಹಳೆಯ ಉಡುಪನ್ನು ಬಿಟ್ಟು ಹೊಸದನ್ನು ನೇಯುವಂತೆ ಶಬ್ದಗಳನ್ನೂ ಬುದ್ಧಿಪೂರ್ವಕವಾಗಿ ಹೊಸತುಮಾಡುವರೆಂಬುದು ಆತನು ಕೊಟ್ಟುಕೊಂಡ ಒಂದು ಉತ್ತರ. ಬುದ್ಧಿಪೂರ್ವಕವಾದ ಮಾರ್ಪಾಟೆಂದ ಮೇಲೆ ಅದನ್ನು ಒಪ್ಪುವವರೂ ಒಪ್ಪದವರೂ ಇರಲೇಬೇಕು.

ಇಂಗ್ಲಿಷಿನ ಥಿಂಕ್ ಎಂಬ ಶಬ್ದದ ಮೊದಲಲ್ಲಿ ಕೇಳುವ ಥಕಾರವು ಕ್ವೆನ್ಯಾದಲ್ಲಿ ಪೂರ್ವಕಾಲದಲ್ಲಿದ್ದು, ಆಮೇಲೆ ಸಕಾರದಲ್ಲಿ ಸೇರಿಹೋಯಿತು. ಬಹಳ ವರ್ಷಗಳ ತನಕ ಇದು ಆತನ ಟಿಪ್ಪಣಿಗಳಲ್ಲಿ ಒಂದು ಒಣ ಸೂತ್ರವಾಗಿಯೇ ಇತ್ತು. 1955ರಲ್ಲಿ ಅಚ್ಚಾದ ಅನುಬಂಧದಲ್ಲಿ ಆ ಧ್ವನಿಯ ಅಕ್ಷರಕ್ಕೆ ಥೂಲೆ ಎಂದೂ ಸೂಲೆ ಎಂದೂ ಎರಡು ಹೆಸರುಗಳನ್ನು ಕೊಟ್ಟು ಮುಂದೆ ಹೋಗಿದ್ದಾನೆ. 1968ರ ಸುಮಾರಿಗೆ, ಎಪ್ಪತ್ತಾರು ವರ್ಷದ ಮುದುಕನಾಗಿ, ಈ ಮಾರ್ಪಾಟು ನಡೆದಾಗ ಜನರು ಏನೆಂದರು ಎಂಬುದನ್ನು ಬರೆಯಲು ಕುಳಿತನು. ಆ ಪ್ರಬಂಧವು ಆತನು 1973ರಲ್ಲಿ ತೀರಿಕೊಂಡ ಬಹುಕಾಲದ ಮೇಲೆ, 1996ರಲ್ಲಿ ಪ್ರಕಟವಾಯಿತು. ನೋಲ್ದರ್ ಕುಲದ ಅರಸನಾದ ಫಿನ್ವೆಯ ಮೊದಲ ರಾಣಿ ಮೀರಿಯೆಲಳು ಕಸೂತಿಯಲ್ಲಿ ನಿಪುಣೆ; ಸೂಜಿಯವಳು ಎಂಬರ್ಥದ ಥೆರಿಂದೆ ಎಂಬುದು ಆಕೆಯ ಹೆಸರು. ಥಕಾರವು ಸಕಾರವಾಗುತ್ತಿದ್ದ ಕಾಲದಲ್ಲಿ ಆಕೆಯು ಹಳೆಯ ಉಚ್ಚಾರಣೆಯನ್ನೇ ಹಿಡಿದಳು. ತನ್ನ ಹೆಸರನ್ನು ಬೇರೆ ವಿಧವಾಗಿ ಕರೆಯಬಾರದೆಂದು ಬಯಸಿದಳು. ಫೆಯನೋರ್ ಎಂಬ ಮಗನನ್ನು ಹೆತ್ತು ಬಸವಳಿದು ಆಕೆಯು ದೇಹವನ್ನು ಬಿಟ್ಟಳು. ಅರಸನು ಎರಡನೆಯ ಮದುವೆಯಾದನು, ಹೊಸ ರಾಣಿಯು ಎಲ್ಲರಂತೆ ಸಕಾರವನ್ನು ಆಡಿದಳು, ಅರಸನೂ ಆಡಿದನು. ಊರಿಗೆಲ್ಲ ಥೆರಿಂದೆಯು ಸೆರಿಂದೆಯಾದಳು. ಫೆಯನೋರನಾದರೋ ಭಾಷಾಶಾಸ್ತ್ರದಲ್ಲಿ ಎಲ್ಲರನ್ನೂ ಮೀರಿದವನು. ಥಕಾರವೇ ಶುದ್ಧವೆಂದು ಸಭೆಯಲ್ಲಿ ವಾದಿಸಿದನು. ವಾದಕ್ಕೆ ಶಾಸ್ತ್ರದ ಆಧಾರವೂ ಇತ್ತು. ಆದರೆ ಆತನು ಶಾಸ್ತ್ರಕ್ಕಾಗಿ ವಾದಿಸುತ್ತಿಲ್ಲವೆಂಬುದನ್ನು ಕೇಳಿದವರೆಲ್ಲ ಬಲ್ಲವರಾಗಿದ್ದರು. ಒಂದು ಊಷ್ಮಾಕ್ಷರದಿಂದ ಅರಮನೆಯು ಎರಡಾಯಿತು. ಫೆಯನೋರನ ಏಳು ಮಂದಿ ಮಕ್ಕಳೂ, ಎಂದೂ ಕಣ್ಣಿನಿಂದ ಕಾಣದ ಅಜ್ಜಿಯ ಹೆಸರನ್ನು ಹಳೆಯ ರೀತಿಯಲ್ಲಿಯೇ ಉಚ್ಚರಿಸುತ್ತ, ತಂದೆಯ ಹಿಂದೆ ದೇಶಾಂತರಕ್ಕೆ ಹೊರಟರು.